ಹಗೇವಿನೊಳಗಿನ ಅಡ್ಡಮಾತು

ಮೊದಲೇ ಹೇಳಿಬಿಡುತ್ತೇನೆ, ಇದನ್ನು ನಾನು ಬರೆಯುತ್ತಿಲ್ಲ. ಬಾಯಲ್ಲಿ ಹೇಳುತ್ತಿದ್ದೇನೆ. ಬರೆದುಕೊಳ್ಳುತ್ತಿರುವವರು ಪರವೂರಿನವರು, ಅವರಿಗೆ ಏನೂ ಆಗುವುದಿಲ್ಲ. ನಮ್ಮೂರಿನವರು ಒಂದು ಸಂಗತಿಯನ್ನು ಬರೆದರೆ ಅದು ಅವರ ತಲೆಯಿಂದ ಹೊರಟುಹೋಗುತ್ತದೆ. ಬರೆದದ್ದನ್ನು ತಾವೇ ಮತ್ತೆ ಓದಿದರೆ ವಾಪಸು ಬರುತ್ತದೆ, ನಿಜ. ಆದರೆ ಓದಬೇಕಾದರೆ ಎಲ್ಲಿ ಬರೆದೆವು ಎಂದು ಗೊತ್ತಿರಬೇಕಲ್ಲ? ಅದಕ್ಕೇ ನಮ್ಮಲ್ಲಿ ಸಂತೆಗೆ ಹೋಗುವವರು ಚೀಟಿಯನ್ನು ಅಂಗಿಗೆ ಪಿನ್ನು ಹಾಕಿಕೊಂಡು ಹೋಗುತ್ತಾರೆ. ಚೀಟಿ ಬಿದ್ದುಹೋದರೆ ಸಂತೆಯ ನಡುವೆ ನಿಂತು, ಸಿಕ್ಕವರನ್ನೆಲ್ಲ "ನಮ್ಮನೇಲಿ ಏನು ಮುಗಿದಿರಬಹುದು ಹೇಳಿ ನೋಡೋಣ" ಎಂದು ಕೇಳುತ್ತಾರೆ. ಪ್ರೇಮಪತ್ರ ಬರೆಯುವ ಹುಡುಗರಿಗೆ ಹಿರಿಯರು ಕೊಡುವ ಬುದ್ಧಿಮಾತು ಒಂದೇ: ನಕಲು ಇಟ್ಟುಕೋ.

ಊರಿನ ನೀರು, ಬೀದಿದೀಪ, ಹಿಟ್ಟಿನ ಗಿರಣಿ, ಶಾಲೆಯ ಗಂಟೆ, ಪೇಟೆಯ ಸೈರನ್ನು ಎಲ್ಲವನ್ನೂ ನಡೆಸುವುದು ನೀರುಗಂಟಿ ಎಂಬ ಸಾಫ್ಟ್‌ವೇರ್. ಅದನ್ನು ಊರಿನವರೇ ಸೇರಿ ಬರೆದದ್ದು. ಊರಿನವರೇ ಬರೆದದ್ದರಿಂದ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಒಮ್ಮೆ ದೊಡ್ಡ ಪಟ್ಟಣದ ಎಂಜಿನಿಯರ್ ಒಬ್ಬ ಬಂದಿದ್ದ. ನಮ್ಮ ಕಷ್ಟವನ್ನೆಲ್ಲ ಕೇಳಿಸಿಕೊಂಡು, "ನಮ್ಮ ಆಫೀಸಿನಲ್ಲೂ ಹೀಗೇ ಇದೆ. ಇದೊಂದು ವಿಶೇಷ ಅಂತ ನಮಗೆ ಯಾರೂ ಹೇಳಿರಲಿಲ್ಲ" ಅಂದ. ಕಾಫಿ ಕುಡಿದು ಹೋದ.

ನೀರುಗಂಟಿಯನ್ನು ನಡೆಸುವುದು ಹೇಗೆ, ಕೆಟ್ಟರೆ ರಿಪೇರಿ ಹೇಗೆ ಎಂಬುದನ್ನೆಲ್ಲ ಇಡಲು ಊರಿಗೊಂದು ವಿಕಿ ಇದೆ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಜನ ಅದನ್ನು ಹಗೇವು ಎನ್ನುತ್ತಾರೆ. ಹಿಂದಿನವರು ಧಾನ್ಯವನ್ನು ನೆಲದೊಳಗೆ ಹುಗಿದಿಡುತ್ತಿದ್ದ ಗುಂಡಿಗೆ ಆ ಹೆಸರು. ಹಾಕುವುದು ಸುಲಭ, ತೆಗೆಯುವುದು ಕಷ್ಟ, ಆದ್ದರಿಂದ ಹೆಸರು ನಿಂತಿತು. ಆ ಹಗೇವನ್ನು ನೋಡಿಕೊಳ್ಳುವ ಕೆಲಸ ನನ್ನದು. ನನ್ನ ಹೆಸರು ಶಾಂಭವಿ. ಪಂಚಾಯಿತಿಯವರು ನನ್ನನ್ನು ಆರಿಸಿದ್ದು ನಾನು ಚೆನ್ನಾಗಿ ಬರೆಯುತ್ತೇನೆಂದಲ್ಲ, ಚೆನ್ನಾಗಿ ಕತ್ತರಿಸುತ್ತೇನೆಂದು. ಅಳಿಸುವುದು ಬರೆದಂತಲ್ಲ, ಹಾಗಾಗಿ ನನ್ನ ತಲೆ ಭದ್ರವಾಗಿದೆ.

ಕತ್ತರಿಸುವುದಕ್ಕೆ ಬೇಕಾದಷ್ಟು ಇತ್ತು. ನಮ್ಮೂರಿನವರಿಗೆ ನೇರವಾಗಿ ಒಂದು ಮಾತು ಹೇಳಲು ಬರುವುದಿಲ್ಲ. ಬಸ್ ಸ್ಟ್ಯಾಂಡು ಎಲ್ಲಿದೆ ಎಂದು ಕೇಳಿದರೆ, ಆ ಜಾಗದಲ್ಲಿ ಹಿಂದೆ ಯಾರ ಹುಣಸೆಮರ ಇತ್ತು, ಅವರ ಎರಡನೇ ಸೊಸೆ ಯಾಕೆ ತವರಿಗೆ ಹೋದಳು ಎಂಬಲ್ಲಿಂದ ಶುರು. ಹಗೇವಿನಲ್ಲೂ ಅದೇ. ಬೀದಿದೀಪದ ಪುಟ ತೆರೆದರೆ ಮೊದಲು ಒಬ್ಬರ ನಾದಿನಿ ಸಿಗುತ್ತಾಳೆ, ಆಮೇಲೆ ಅವಳ ಹಲ್ಲುನೋವು, ಕೆಳಗೆಲ್ಲೋ ಬಲ್ಬು. ಇದಕ್ಕೆ ನಾನು ಅಡ್ಡಮಾತು ಎಂದು ಹೆಸರಿಟ್ಟೆ. ಹುಡುಕುವುದಂತೂ ಇನ್ನೂ ಚೆಂದ. ಯಾವ ಪುಟವನ್ನು ಇತ್ತೀಚೆಗೆ ತಿದ್ದಿದ್ದಾರೋ ಅದು ಮೇಲೆ ಬರುತ್ತಿತ್ತು. ಹೋಟೆಲಿನ ಕೆಂಪರಾಜಮ್ಮ ಗಿರಣಿಯ ಪುಟದಲ್ಲಿ ಕಡಲೆಹಿಟ್ಟಿನ ನೆಪದಿಂದ ಬೋಂಡಾ ಮಾಡುವ ಕ್ರಮ ಬರೆದಿದ್ದಳು. ಬರೆದದ್ದರಿಂದ ಮರೆತಳು, ಮರೆತದ್ದರಿಂದ ದಿನಾ ಬೆಳಿಗ್ಗೆ ಬಂದು ಓದಿದಳು, ಓದಿದ ಮೇಲೆ ಸುಮ್ಮನಿರಲಾರದೆ ಸ್ವಲ್ಪ ತಿದ್ದಿ ಮತ್ತೆ ಮರೆತಳು. ಹೀಗಾಗಿ ನೀವು ಏನನ್ನು ಹುಡುಕಿದರೂ ಮೊದಲು ಸಿಗುತ್ತಿದ್ದುದು ಬೋಂಡಾ.

ಅಡ್ಡಮಾತುಗಳನ್ನೆಲ್ಲ ಕಿತ್ತುಹಾಕಬೇಕು ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಕೊನೆಗೆ ಒಂದು ದಿನ ಓವರ್‌ಹೆಡ್ ಟ್ಯಾಂಕು ತುಂಬಿ ಹರಿಯಿತು. ವಾಲ್ವ್ ಮುಚ್ಚುವುದು ಹೇಗೆ ಎಂದು ನೋಡಲು ಕಾವಲುಗಾರ ಪುಟ ತೆರೆದ. ಪುಟ ಶುರುವಾಗುವುದು ಯಾರದೋ ಅಕ್ಕನ ಮಗುವಿನ ನಾಮಕರಣದಿಂದ. ಪಾಪ, ಅವನು ಎರಡನೇ ಪಂಕ್ತಿಗೆ ಪಾಯಸ ಸಾಲದೇ ಹೋದ ಪ್ರಸಂಗ ಓದುತ್ತಾ ನಗುತ್ತಿದ್ದಾಗ, ಟ್ಯಾಂಕಿನ ಪಕ್ಕದ ಮನೆಯ ಹೊಸ ಸೋಫಾ ತೇಲಿಕೊಂಡು ಬಾಗಿಲ ತನಕ ಬಂತು. ಅದು ಪಂಚಾಯಿತಿ ಅಧ್ಯಕ್ಷ ಬೋರಲಿಂಗಯ್ಯನವರ ಮನೆ.

"ಶಾಂಭವಮ್ಮ, ನೀವು ಹೇಳ್ತಿದ್ದಿದ್ದು ಸರಿ" ಎಂದರು ಬೋರಲಿಂಗಯ್ಯ, ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿಕೊಂಡೇ ಆಫೀಸಿಗೆ ಬಂದು. "ಹುಡುಕಿದ್ರೆ ಸಿಗಬೇಕು, ಸಿಕ್ಕಿದ್ರೆ ಉಪಯೋಗಕ್ಕೆ ಬರಬೇಕು. ಒಂದು ಅಡ್ಡಮಾತೂ ಉಳೀಬಾರದು. ಅಳಿಸಿಬಿಡಿ." ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಳಿಸಿದರೆ ಬರೆದವರ ತಲೆಗೂ ಅದು ಇನ್ನೆಂದೂ ವಾಪಸು ಬರುವುದಿಲ್ಲವಲ್ಲ ಎಂದು ಯಾರೋ ಗೊಣಗಿದರು. ಯಾರ ನಾದಿನಿಗೆ ಯಾವಾಗ ಹಲ್ಲು ನೋಯಿತೆಂಬುದು ತಲೆಯಲ್ಲಿ ಇಲ್ಲದಿದ್ದರೆ ಗಂಟೇನು ಹೋಗುತ್ತದೆ ಎಂದು ನಾನೇ ಅವರ ಬಾಯಿ ಮುಚ್ಚಿಸಿದೆ.

ಅದೇ ವಾರ ನಮ್ಮ ಮನೆಗೆ ನೆಂಟರು ಬಂದರು. ನನ್ನ ಗಂಡ ಉಮಾಪತಿ ಮೋಟರ್ ವೈಂಡಿಂಗ್ ಕೆಲಸದವರು, ಮಹಾ ಮಾತುಗಾರರು. ಯಾರೇ ಬಂದರೂ ಊಟವಾದ ಮೇಲೆ ನಮ್ಮ ಮದುವೆ ಹೇಗಾಯಿತೆಂದು ಹೇಳದೆ ಎಲೆಅಡಿಕೆ ಮುಟ್ಟುತ್ತಿರಲಿಲ್ಲ. "ಗಿರಣಿ ಮೋಟರ್ ಬಿಸಿಯಾಗ್ತಿತ್ತು, ರಿಪೇರಿಗೆ ಹೋದೆ, ಅಲ್ಲಿ ಇವಳು ಸಿಕ್ಕಳು. ಮೋಟರ್ ರಿಪೇರಿ ಆಯ್ತು, ನಾನು ಆಗಲಿಲ್ಲ" ಎನ್ನುವರು. ನೂರು ಸಲ ಕೇಳಿದರೂ ನಾನು ಒಳಗೆ ಪಾತ್ರೆ ತೊಳೆಯುತ್ತಾ ನಗುತ್ತಿದ್ದೆ. ಆ ದಿನ ನೆಂಟರೇ "ನಿಮ್ಮ ಮದುವೆ ಕಥೆ ಹೇಳಿ ಭಾವ" ಎಂದು ಕೇಳಿದರು. ಇವರು ಬಾಯಿ ತೆರೆದರು. ಏನೂ ಹೊರಡಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ, "ನಮ್ಮದು ಹೇಗಾಯ್ತು?" ಅಂದರು.

ಆಗ ನನಗೆ ಅರ್ಥವಾಯಿತು. ಬೇಸಿಗೆಯಲ್ಲಿ ಪಂಚಾಯಿತಿಯವರು ಎಲ್ಲರೂ ತಮಗೆ ತಿಳಿದದ್ದನ್ನು ಹಗೇವಿಗೆ ಬರೆಯಿರಿ ಎಂದು ಡಂಗುರ ಹೊಡೆಸಿದ್ದರು. ಇವರು ಮೋಟರಿನ ಬಗ್ಗೆ ಪುಟಗಟ್ಟಲೆ ಬರೆದಿದ್ದರು. ಯಾವುದೋ ಪುಟದಲ್ಲಿ ಮಾತಿಗೆ ಮಾತು ಬಂದು ನನ್ನನ್ನೂ ಬರೆದುಬಿಟ್ಟಿದ್ದಾರೆ. ಯಾವ ಪುಟ? ಅದು ಇವರಿಗೆ ನೆನಪಿರಲು ಸಾಧ್ಯವೇ ಇಲ್ಲ. ಹೆಸರಿನಿಂದ ಹುಡುಕೋಣವೆಂದರೆ ನಮ್ಮೂರಿನವರು ಬರೆದದ್ದರ ಕೆಳಗೆ ಹೆಸರು ಹಾಕುವುದು ಜಂಬವೆಂದು ತಿಳಿದವರು. ಎಲ್ಲರೂ "ಒಬ್ಬ ನಾಗರಿಕ" ಎಂದೇ ಸಹಿ ಹಾಕುತ್ತಾರೆ.

ನಾನು ಹೆಂಡತಿ ಎಂಬುದು ಇವರಿಗೆ ಗೊತ್ತಿತ್ತು. ಯಾಕೆ ಎಂಬುದು ಗೊತ್ತಿರಲಿಲ್ಲ. ಮಾರನೆಯ ದಿನದಿಂದ ನನ್ನನ್ನು ಬಹುವಚನದಲ್ಲಿ ಕರೆಯತೊಡಗಿದರು. ಕಾಫಿ ಕೊಟ್ಟರೆ "ಥ್ಯಾಂಕ್ಸ್ ರೀ, ನಿಮಗೆ ತೊಂದರೆಯಾಯ್ತು" ಎನ್ನುವರು. ನಾನು ಕೋಣೆಗೆ ಬಂದರೆ ಎದ್ದು ನಿಂತು ಕುರ್ಚಿ ಬಿಡುವರು. ಸಾರಿಗೆ ಉಪ್ಪು ಜಾಸ್ತಿಯಾದ ದಿನ, ಮೊದಲಾಗಿದ್ದರೆ ಬೀದಿಗೆ ಕೇಳುವಂತೆ ಕೂಗುತ್ತಿದ್ದ ಮನುಷ್ಯ, ಎರಡು ಲೋಟ ನೀರು ಕುಡಿದು "ತುಂಬಾ ಚೆನ್ನಾಗಿತ್ತು" ಎಂದರು. ಬೈಯುವ ಗಂಡನ ಜೊತೆ ಇಷ್ಟು ವರ್ಷ ಏಗಿದ್ದೇನೆ, ಉಪಚಾರ ಮಾಡುವ ಗಂಡನ ಜೊತೆ ಹೇಗೆ ಏಗುವುದೆಂದು ನನಗೆ ತಿಳಿಯದು. ಗಿರಣಿಯ ಸಂಗತಿಯನ್ನು ನಾನೇ ಹೇಳಿದೆ, ಹೇಳಬಹುದಾದಷ್ಟನ್ನು. "ಹೌದಾ? ಒಳ್ಳೆ ಪ್ರಸಂಗ" ಎಂದು ತಲೆಯಾಡಿಸಿದರು, ಪೇಪರಿನ ಸುದ್ದಿ ಕೇಳಿದ ಹಾಗೆ.

ಹಾಗಾಗಿ ಅಳಿಸಬೇಕಾದ ನಾನು ಹುಡುಕಲು ಕೂತೆ. ಗಿರಣಿ ಎಂದು ಹುಡುಕಿದರೆ ಗಿರಣಿಯ ಸಮಯ, ಗಿರಣಿಯ ಬೆಲ್ಟು, ಗಿರಣಿಯ ಬಾಗಿಲಿಗೆ ಬಳಿಯಬೇಕಾದ ಬಣ್ಣ. ಮದುವೆ ಎಂದು ಹುಡುಕಿದರೆ ಹಗೇವಿನ ಅರ್ಧ ಪುಟಗಳು ಮೇಲೆದ್ದು ಬಂದವು, ಏಕೆಂದರೆ ನಮ್ಮವರು ಯಾರದಾದರೂ ಮದುವೆಯಿಲ್ಲದೆ ನಲ್ಲಿಯ ವಾಷರ್ ಬದಲಾಯಿಸುವುದನ್ನೂ ವಿವರಿಸಲಾರರು. ಮೋಟರ್ ಎಂದು ಹುಡುಕಿದರೆ ಎಣೆಯೇ ಇಲ್ಲ. ಎಲ್ಲಕ್ಕಿಂತ ಮೇಲೆ ಬೋಂಡಾ. ಬೇರೆಯವರನ್ನು ಕೇಳಬಹುದಿತ್ತು. ಆದರೆ ನನ್ನ ಗಂಡನಿಗೆ ನಾನು ಹೇಗೆ ಸಿಕ್ಕೆ ಎಂಬುದೇ ಮರೆತುಹೋಗಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಮಾನ ಮೂರು ಕಾಸಿಗೆ ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡು ಮೊದಲ ಪುಟದಿಂದ ಓದತೊಡಗಿದೆ. ಹೊರಗಿನವರಿಗೆ ನಾನು ಬಹಳ ನಿಷ್ಠೆಯಿಂದ ಅಳಿಸುತ್ತಿರುವಂತೆ ಕಾಣುತ್ತಿತ್ತು. ಅಳಿಸಿದ್ದು ಒಂದೂ ಇಲ್ಲ.

ಬೋರಲಿಂಗಯ್ಯನವರಿಗೆ ತಾಳ್ಮೆ ಕಡಿಮೆ. ಸೋಫಾ ಇನ್ನೂ ಒಣಗಿರಲಿಲ್ಲ. ಒಂದು ದಿನ ಬಂದು, "ನೀವು ಹೀಗೆ ಒಂದೊಂದೇ ಹಿಡ್ಕೊಂಡು ಕೂತ್ರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮುಗಿಯಲ್ಲ. ಹೊರಗಿಂದ ಒಂದು ಪ್ರೋಗ್ರಾಮ್ ತರಿಸಿದೀನಿ. ಅಡ್ಡಮಾತು ಎಲ್ಲಿದ್ರೂ ಅದೇ ಹಿಡಿಯುತ್ತೆ. ನಾಳೆ ಬೆಳಿಗ್ಗೆ ಎಲ್ಲಾನೂ ಮುಚ್ಚಿಡುತ್ತೆ, ಜನ ಒಂದು ದಿನ ಬಳಸಿ ನೋಡ್ಲಿ. ಸಂಜೆ ನಾನು ಬಂದು ಗುಂಡಿ ಒತ್ತಿದ್ರೆ ಪೂರ್ತಿ ಅಳಿಸಿಹೋಗುತ್ತೆ" ಅಂದರು. "ಇನ್ನೊಂದು ಸ್ವಲ್ಪ ದಿನ ಕೊಡಿ ಸರ್" ಅಂದೆ. "ನೀವೇ ಅಲ್ವೇನಮ್ಮಾ ಕಿತ್ತುಹಾಕಿ ಕಿತ್ತುಹಾಕಿ ಅಂತ ಪ್ರಾಣ ತಿಂತಿದ್ದಿದ್ದು?" ಅಂದರು.

ಬೆಳಗಾಯಿತು. ಪ್ರೋಗ್ರಾಮು ಕೆಲಸ ಮಾಡಿತು. ಹಗೇವು ಬೋಳಾಗಿ ನಿಂತಿತು. ನಾಮಕರಣವಿಲ್ಲ, ನಾದಿನಿಯಿಲ್ಲ, ಪಾಯಸವಿಲ್ಲ. ಪ್ರತಿ ಪುಟದಲ್ಲೂ ಒಂದು ಶೀರ್ಷಿಕೆ, ಅದರ ಕೆಳಗೆ ನಾಲ್ಕು ಸಾಲು. ನೋಡಲು ಎಷ್ಟು ಚೊಕ್ಕಟವಾಗಿತ್ತೆಂದರೆ, ಅಷ್ಟು ಸಂಕಟದಲ್ಲೂ ನನಗೆ ಒಂದು ಗಳಿಗೆ ಹೆಮ್ಮೆಯಾಯಿತು. ಅಷ್ಟರಲ್ಲಿ ಪೇಟೆ ತೆರೆಯುವ ಹೊತ್ತಾಗಿ ಸೈರನ್ನು ಕೂಗಿತು. ಕೂಗಿ ನಿಲ್ಲಬೇಕಾದದ್ದು ನಿಲ್ಲಲಿಲ್ಲ.

ಮೊದಲು ಜನ ನಕ್ಕರು. ಆಮೇಲೆ ಕೂಸುಗಳು ಅತ್ತವು, ನಾಯಿಗಳು ಸೈರನ್ನಿಗೆ ಶ್ರುತಿ ಸೇರಿಸಿ ಊಳಿಟ್ಟವು, ಅಂಗಡಿಯವರು ಕೈಸನ್ನೆಯಲ್ಲಿ ವ್ಯಾಪಾರ ಮಾಡಿ ಒಂದು ಕೇಜಿ ಈರುಳ್ಳಿ ಕೇಳಿದವರಿಗೆ ಹತ್ತು ಕೇಜಿ ಕಟ್ಟಿದರು. ಸ್ವಲ್ಪ ಹೊತ್ತಿಗೆ ಊರೇ ನನ್ನ ಆಫೀಸಿನ ಬಾಗಿಲಲ್ಲಿತ್ತು. ಬೋರಲಿಂಗಯ್ಯ ಎರಡೂ ಕಿವಿ ಮುಚ್ಚಿಕೊಂಡು ಏನೋ ಆಜ್ಞೆ ಮಾಡುತ್ತಿದ್ದರು, ಅದು ಅವರಿಗೂ ಕೇಳುತ್ತಿರಲಿಲ್ಲ. ಮೋಟರ್ ಕೆಲಸ ಗೊತ್ತಿರುವವರೆಂದು ನನ್ನ ಗಂಡನನ್ನೂ ಯಾರೋ ಎಳೆದುಕೊಂಡು ಬಂದಿದ್ದರು. ಇವರು ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು, ನನಗೆ ಕೈಮುಗಿದು ನಿಂತರು.

ಸೈರನ್ ಎಂದು ಹುಡುಕಿದೆ. ಬಂದವು: ಸೈರನ್ ಒಂದು, ಸೈರನ್ ಎರಡು, ಸೈರನ್ ಸಮಿತಿಯ ವರದಿ, ಸೈರನ್ನಿಗೆ ಹಕ್ಕಿ ಗೂಡು ಕಟ್ಟಿದಾಗ. ನಿಲ್ಲಿಸುವುದು ಯಾವುದರಲ್ಲೂ ಇಲ್ಲ. ಒಂದೊಂದೇ ತೆರೆದೆ, ಎಲ್ಲ ಪುಟವೂ ಒಂದೇ ಥರ ಕಂಡಿತು. ಆಗ ಟೈಲರ್ ಜೈಬುನ್ನಿಸಾ ಜನರನ್ನು ಮೊಣಕೈಯಿಂದ ತಳ್ಳಿಕೊಂಡು ಬಂದಳು. ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದಳು. "ಮೇಕೆ ಹುಡುಕು ಶಾಂಭವಿ! ಮದುವೆ ಗಂಡಿನ ಪೇಟ ತಿಂದ ಮೇಕೆ! ಅದರ ಕೆಳಗೇ ಇರೋದು ಸೈರನ್ ನಿಲ್ಲಿಸೋದು!" ಮೇಕೆ ಎಂದು ಹುಡುಕಿದೆ. ಏನೂ ಬರಲಿಲ್ಲ. ಮೇಕೆ ಅಡ್ಡಮಾತು, ಅದನ್ನು ಪ್ರೋಗ್ರಾಮು ಮುಚ್ಚಿಟ್ಟಿತ್ತು. ಹಿಂದಿನಿಂದ ಇನ್ನೊಬ್ಬ ಕೂಗಿದ: "ಹೌದಮ್ಮಾ, ಮೇಕೆ ಪುಟಾನೇ! ನಾನೂ ಓದಿದೀನಿ!" ಮತ್ತೊಬ್ಬರು ಮೇಕೆಯ ಬಣ್ಣ ಹೇಳಿದರು. ಊರಿಗೆ ಊರೇ ಆ ಮೇಕೆಯನ್ನು ಬಲ್ಲದು, ಪುಟದ ಹೆಸರು ಒಬ್ಬರಿಗೂ ಗೊತ್ತಿಲ್ಲ.

ನಾನು ಬೋರಲಿಂಗಯ್ಯನವರ ಮುಖ ನೋಡಿದೆ. ಅವರು ಒಂದು ಕೈಯನ್ನು ಕಿವಿಯಿಂದ ತೆಗೆದು, ತಡೆಯಲಾರದೆ ಮತ್ತೆ ಮುಚ್ಚಿಕೊಂಡು, ತಲೆಯಲ್ಲೇ ಹೂಂ ಎಂದರು. ಪ್ರೋಗ್ರಾಮನ್ನು ನಿಲ್ಲಿಸಿದೆ. ಮುಚ್ಚಿದ್ದೆಲ್ಲ ತೆರೆಯಿತು. ಮೇಕೆ ಎಂದು ಹುಡುಕಿದೊಡನೆ ಬೋಂಡಾದ ಕೆಳಗೇ "ಪೂರಕ ವ್ಯವಸ್ಥೆ ಎರಡು" ಎಂಬ ಪುಟ ಬಂತು. ಅಂಥ ಹೆಸರಿಟ್ಟವನನ್ನು ಮೇಕೆ ತಿನ್ನಲಿ. ಮೇಕೆ ಪೇಟ ತಿಂದಿತ್ತು, ಗಂಡು ಬರಿತಲೆಯಲ್ಲಿ ತಾಳಿ ಕಟ್ಟಿದ್ದ, ಅದರ ಕೆಳಗೆ, ಸೈರನ್ ಎಂಬ ಹೆಸರನ್ನೇ ಎತ್ತದೆ, ಅದನ್ನು ನಿಲ್ಲಿಸುವ ಎರಡು ಸಾಲು ಇತ್ತು. ಅದರಂತೆ ಮಾಡಿದೆ. ಸೈರನ್ನು ನಿಂತಿತು.

ಆಗ ಬಿದ್ದ ಮೌನದಲ್ಲಿ ನನಗೆ ಇನ್ನೊಂದು ತಿಳಿಯಿತು. ಊರಿನವರು ಹಗೇವನ್ನು ಓದುತ್ತಿದ್ದುದೇ ಅಡ್ಡಮಾತಿಗಾಗಿ. ನಾನು ಬಾಯಿ ಬಿಟ್ಟು ಕೇಳಿದ್ದರೆ ಸಾಕಾಗಿತ್ತು. ಕೇಳಲು ಇದಕ್ಕಿಂತ ಕೆಟ್ಟ ಸಮಯ ಇರಲಿಲ್ಲ, ಅಷ್ಟು ಜನ, ಅಷ್ಟು ನಿಶ್ಶಬ್ದ. ಮಾನ ಹೋದರೆ ಹೋಗಲಿ ಎಂದುಕೊಂಡೆ. "ಒಬ್ಬ ಗಂಡಸು ತನ್ನ ಹೆಂಡತೀನ ಮೊದಲನೇ ಸಲ ನೋಡಿದ್ದು, ಯಾವುದಾದ್ರೂ ಪುಟದಲ್ಲಿ ಓದಿದ್ದೀರಾ?" ಅಂದೆ. "ಟೂರಿಂಗ್ ಟಾಕೀಸಲ್ಲಿ ನೋಡಿದ್ದಾ?" ಎಂದ ಒಬ್ಬ. "ಬಾವಿಗೆ ಬಿದ್ದಾಗ ನೋಡಿದ್ದಾ?" ಎಂದಳು ಕೆಂಪರಾಜಮ್ಮ. "ಅಲ್ಲ. ಮೋಟರ್ ಹೊಗೆಯಾಡಿದ್ದು" ಅಂದೆ. ಇಡೀ ಆಫೀಸು ಒಂದೇ ಉಸಿರಿನಲ್ಲಿ ಓ ಎಂದಿತು. "ಖಾರದ ಪುಡಿ!"

"ಅದನ್ನ ಓದಿ ನಾನು ಹೊಲಿಗೆ ನಿಲ್ಲಿಸಿ ಅತ್ತಿದೀನಿ ಕಣೇ" ಎಂದಳು ಜೈಬುನ್ನಿಸಾ. "ನಮ್ಮನೆಯವರಿಗೂ ಓದಿ ಹೇಳಿ, ನೋಡಿ ಕಲೀರಿ ಅಂದೆ. ಯಾರಪ್ಪಾ ಆ ಪುಣ್ಯಾತ್ಗಿತ್ತಿ ಅಂತಿದ್ವಿ. ಯಾರೇ ಅವಳು?" ನಾನು ಬಾಗಿಲ ಕಡೆ ನೋಡಿದೆ. ಅವಳು ನನ್ನನ್ನು ನೋಡಿದಳು, ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಇವರನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. "ಅಯ್ಯೋ ಅಲ್ಲಾಹ್" ಎಂದು ಬಾಯಿಯ ಮೇಲೆ ಕೈಯಿಟ್ಟಳು. ಬೋರಲಿಂಗಯ್ಯ ಗಂಟಲು ಸರಿಮಾಡಿಕೊಂಡು, "ಅದೊಂದು ಪುಟ ಅಳಿಸೋಕೆ ನಾನು ಹೇಗೂ ಬಿಡ್ತಿರಲಿಲ್ಲ" ಎಂದರು. ಅವರೂ ಓದಿದ್ದರು! ನಮ್ಮಿಬ್ಬರ ಪುಟ ನಮ್ಮಿಬ್ಬರನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು.

ಅವತ್ತೇ ಬೋರಲಿಂಗಯ್ಯ ಅಲ್ಲಿಯೇ ನಿಂತು ತೀರ್ಮಾನ ಹೇಳಿದರು. ಅಡ್ಡಮಾತು ಒಂದನ್ನೂ ಅಳಿಸುವಂತಿಲ್ಲ. ಕೆಲಸದ ಮಾತು ಪುಟದ ಮೇಲ್ಗಡೆ, ಅಡ್ಡಮಾತು ಕೆಳಗಡೆ. ಹುಡುಕುವಾಗ ಮೇಕೆ, ನಾದಿನಿ, ಪಾಯಸ ಎಂದು ಯಾವುದರಿಂದ ಬೇಕಾದರೂ ಹುಡುಕುವಂತಿರಬೇಕು. ಬೋಂಡಾಕ್ಕೆ ಬೇರೆ ಜಾಗ. ಈಗ ಹಗೇವು ಹಾಗೆಯೇ ಇದೆ, ಜನ ಪುಟ ತೆರೆದ ಕೂಡಲೇ ತಳಕ್ಕೆ ಹೋಗುತ್ತಾರೆ, ಆದರೆ ಬೇಕಾದದ್ದು ಸಿಗುತ್ತದೆ. ಅವತ್ತು ಅವರು ಅಷ್ಟು ಹೇಳಿದ ಮೇಲೂ ಯಾರೂ ಕದಲದೆ ನಮ್ಮನ್ನೇ ನೋಡುತ್ತಾ ನಿಂತಿದ್ದರು. ಜೈಬುನ್ನಿಸಾ ಅಧ್ಯಕ್ಷರು ಎಂದೂ ನೋಡದೆ ಎಲ್ಲರನ್ನೂ ಹೊರಗೆ ದಬ್ಬಿ ಬಾಗಿಲು ಎಳೆದುಕೊಂಡಳು.

ಪುಟದ ಹೆಸರು "ಮೋಟರ್ ಬಿಸಿಯಾದಾಗ". ನಾನು ಎದ್ದು ಇವರಿಗೆ ಕುರ್ಚಿ ಕೊಟ್ಟೆ. "ಪರವಾಗಿಲ್ಲ, ನೀವು ಕೂತ್ಕೊಳ್ಳಿ" ಎಂದರು. "ಕೂತ್ಕೊಂಡು ಓದ್ರೀ ಸುಮ್ನೆ" ಎಂದು ಗದರಿದೆ. ಇವರು ತುಟಿ ಆಡಿಸುತ್ತಾ ಓದಿದರು, ಹಿಂದೆ ನಿಂತು ನಾನೂ ಓದಿದೆ. "ಒಂದು ಕಡೆ ಕೆಲಸಕ್ಕೆ ಹೋಗಿದ್ದೆ. ಮೋಟರ್ ಹೊಗೆಯಾಡಿತು. ಇದ್ದವರೆಲ್ಲ ಹೊರಗೆ ಓಡಿದರು. ನಾನು ಹಿಂದುಗಡೆ ಕೂತು ತಂತಿ ಬಿಚ್ಚುತ್ತಿದ್ದೆ. ಆಗ ಒಬ್ಬಳು ಸೆರಗನ್ನು ಮೂಗಿಗೆ ಹಿಡಿದು ವಾಪಸು ಬಂದಳು. ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ, ಮೂಲೆಯಲ್ಲಿದ್ದ ಖಾರದ ಪುಡಿಯ ಚೀಲ ಎತ್ತಿಕೊಂಡು, ಸೀನುತ್ತಾ ಹೊರಟುಹೋದಳು. ಹೊಗೆಯೊಳಗೆ ಖಾರದ ಪುಡಿಗೇ ಇಷ್ಟು ಧೈರ್ಯವಾಗಿ ಬರುವವಳು ಕಟ್ಟಿಕೊಂಡವನಿಗೆ ಬಾರದೆ ಇರುತ್ತಾಳೆಯೇ ಅನ್ನಿಸಿತು. ಅವಳ ಜೊತೆ ಬಾಳಿದ ಇಷ್ಟು ವರ್ಷದಲ್ಲಿ ನನಗೆ ಒಂದು ದಿನವೂ ಯಾವುದಕ್ಕೂ ಹೆದರಿಕೆಯಾಗಿಲ್ಲ. ಆದ್ದರಿಂದ ಮೋಟರ್ ಬಿಸಿಯಾದರೆ ಹೆದರಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ."

ಇದನ್ನು ಇವರು ನನಗೆ ಒಂದು ದಿನವೂ ಹೇಳಿರಲಿಲ್ಲ. ನನಗೆ ಅಳು ಬಂತು. ಇವರು ತಿರುಗಿ ನೋಡಿದರು, ಕಣ್ಣು ಕಿರಿದು ಮಾಡಿ, ಬಹಳ ದಿನದ ಮೇಲೆ ಊರಿಗೆ ಬಂದವರಂತೆ. "ಲೇ ಶಾಂಭವಿ, ಏನೇ ಇದು, ಇಷ್ಟೊಂದು ಸೊರಗಿ ಹೋಗಿದೀಯ? ಊಟ ಗೀಟ ಬಿಟ್ಟಿದೀಯೇನೆ?" ಎಂದರು. ಆ ಏಕವಚನ ಕೇಳಿ ಇನ್ನೂ ಜೋರಾಗಿ ಅತ್ತೆ.

ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಹೇಳಿದೆ. "ಅದರಲ್ಲಿ ಒಂದು ತಪ್ಪಿದೆ ಕಣ್ರೀ." "ಎಲ್ಲಿ?" ಎಂದು ಪರದೆಗೆ ಬಗ್ಗಿದರು. "ಆ ಖಾರದ ಪುಡಿ ನಮ್ಮದಲ್ಲ. ನಾನು ಬಂದಿದ್ದು ರಾಗಿ ಬೀಸಿಸೋಕೆ. ನನ್ನ ಹಿಟ್ಟು ಆಗ್ಲೇ ಹೊರಗಿತ್ತು. ಎಲ್ಲಾರೂ ಓಡಿ ಬಂದ್ರು, ಮೋಟರಿನವನು ಬರಲಿಲ್ಲ. ಯಾರೂ ಒಳಗೆ ಹೋಗೋಕೆ ತಯಾರಿರಲಿಲ್ಲ. ನಾನು ಬಂದೆ. ಬಂದು ನೋಡಿದ್ರೆ ನೀವು ಆರಾಮಾಗಿ ತಂತಿ ಬಿಚ್ತಾ ಕೂತಿದ್ರಿ. ಯಾಕೆ ಬಂದೆ ಅಂತ ಕೇಳಿಬಿಟ್ರೆ ಏನು ಹೇಳ್ಲಿ? ನಾಚಿಕೆಯಾಗಿ ಕೈಗೆ ಸಿಕ್ಕಿದ ಚೀಲ ಎತ್ಕೊಂಡು ಹೋದೆ. ಯಾರದ್ದೋ ಏನೋ, ಮಾರನೇ ದಿನ ತಂದು ಇಟ್ಟೆ."

ಇವರು ನನ್ನ ಮುಖ ನೋಡಿದರು. ಆಮೇಲೆ ಕಣ್ಣು ಒರೆಸಿಕೊಂಡು, ರಿಪೇರಿಯವರ ಬುದ್ಧಿ ಎಲ್ಲಿ ಹೋಗುತ್ತದೆ, "ಹಾಗಾದ್ರೆ ಪುಟ ತಪ್ಪಾಯ್ತಲ್ಲೇ. ಈಗ್ಲೇ ಸರಿಮಾಡ್ತೀನಿ" ಎಂದು ತಿದ್ದುವ ಗುಂಡಿ ಒತ್ತಿದರು. ಖಾರದ ಪುಡಿಯ ಪಕ್ಕದಲ್ಲಿ ಗೆರೆ ಮಿನುಗುತ್ತಾ ನಿಂತಿತು. ನಾನು ಇವರ ಎರಡೂ ಕೈಗಳನ್ನು ಹಿಡಿದುಕೊಂಡೆ. "ಬರೀಬೇಡಿ" ಅಂದೆ.

ಹಗೇವಿನಲ್ಲಿ ತಪ್ಪೆಂದು ಗೊತ್ತಿದ್ದೂ ನಾನು ಬಿಟ್ಟಿರುವ ಪುಟ ಅದೊಂದೇ. ಊರಿನವರೆಲ್ಲ ನಾನು ಖಾರದ ಪುಡಿಗಾಗಿ ಒಳಗೆ ಹೋದೆ ಎಂದೇ ನಂಬಿದ್ದಾರೆ, ಮದುವೆಯಾಗುವ ಹುಡುಗಿಯರಿಗೆ ಓದಿ ಹೇಳುತ್ತಾರೆ. ನಂಬಲಿ. ನಾನು ಯಾರಿಗಾಗಿ ಹೋದೆನೆಂದು ಊರಿನಲ್ಲಿ ಇವರೊಬ್ಬರಿಗೇ ತಿಳಿದಿದೆ, ಅದನ್ನು ಇವರು ಬರೆಯಲು ನಾನು ಬದುಕಿರುವ ತನಕ ಬಿಡುವುದಿಲ್ಲ.